ಕಾರ್ಬನ್ ಡೇಟಿಂಗ್ 50 ಸಾವಿರ ವರ್ಷ ದಾಟುವುದಿಲ್ಲ, ಲೂಸಿಗೆ 32 ಲಕ್ಷ ಎಲ್ಲಿಂದ ಬಂತು?

ಪ್ರಶ್ನೆ: ಕಾರ್ಬನ್ ಡೇಟಿಂಗ್ 50 ಸಾವಿರ ವರ್ಷಕ್ಕಿಂತ ಹಿಂದಕ್ಕೆ ಕೆಲಸ ಮಾಡುವುದಿಲ್ಲ ಎನ್ನುತ್ತಾರೆ. ಹಾಗಿದ್ದರೆ ಆದಿಮಾನವರ ಮೂಳೆಗಳಿಗೆ 20 ಲಕ್ಷ, 30 ಲಕ್ಷ ವರ್ಷ ಎಂದು ಹೇಳುವುದು ಬರೀ ಊಹೆಯಲ್ಲವೇ?

ಉತ್ತರ: ಕಾರ್ಬನ್ ಬಗ್ಗೆ ನೀವು ಕೇಳಿರುವುದು ಸರಿ. ಇಂಗಾಲದ ವಿಕಿರಣಶೀಲ ರೂಪವಾದ ಕಾರ್ಬನ್-14ರ ಅರ್ಧಾಯು, ಅಂದರೆ ಇದ್ದದ್ದು ಅರ್ಧಕ್ಕೆ ಇಳಿಯಲು ಬೇಕಾದ ಕಾಲ, 5,730 ವರ್ಷ. 50 ಸಾವಿರ ವರ್ಷ ಕಳೆಯುವಷ್ಟರಲ್ಲಿ ಶೇ 0.25ರಷ್ಟೂ ಉಳಿದಿರುವುದಿಲ್ಲ. ಅಷ್ಟು ಕಡಿಮೆಯಾದಾಗ ಚೂರು ಕಲಬೆರಕೆಯಾದರೂ ಲೆಕ್ಕ ಕೆಟ್ಟಿತೆಂದೇ ಅರ್ಥ. ಕಾರ್ಬನ್-14 ಪೂರ್ತಿ ಖಾಲಿಯಾದ ಮೂಳೆಗೆ ಈಗಿನ ಕಾಲದ ಇಂಗಾಲ ಶೇ 1ರಷ್ಟು ಸೇರಿಕೊಂಡರೆ, ವಯಸ್ಸು ಸುಮಾರು 37 ಸಾವಿರ ವರ್ಷ ಎಂದು ಬರುತ್ತದೆ. ಆದ್ದರಿಂದ ಲಕ್ಷಗಟ್ಟಲೆ ವರ್ಷ ಹಳೆಯ ಪಳೆಯುಳಿಕೆಗೆ ಈ ವಿಧಾನ ಬಳಸುವುದೇ ಇಲ್ಲ.

ಅಲ್ಲಿ ಸಾಮಾನ್ಯವಾಗಿ ಅಳೆಯುವುದು ಮೂಳೆಯನ್ನಲ್ಲ, ಮೂಳೆ ಹೂತಿದ್ದ ಮಟ್ಟದ ಆಸುಪಾಸಿನ ಜ್ವಾಲಾಮುಖಿ ಬೂದಿಯನ್ನು. ಪೂರ್ವ ಆಫ್ರಿಕಾದ ಬಿರುಕು ಕಣಿವೆಯಲ್ಲಿ ಇಂಥ ಬೂದಿ ಪದರ ಪದರವಾಗಿ ಬಿದ್ದಿದೆ. ಬೂದಿಯಲ್ಲಿರುವ ಸ್ಯಾನಿಡಿನ್ ಹರಳುಗಳಲ್ಲಿ ಪೊಟ್ಯಾಸಿಯಂ ಹೇರಳ. ಪೊಟ್ಯಾಸಿಯಂನ ಹತ್ತು ಸಾವಿರ ಪರಮಾಣುಗಳಲ್ಲಿ ಹೆಚ್ಚುಕಡಿಮೆ ಒಂದು, ತಾನಾಗಿ ಕ್ಷಯಿಸುವ ಪೊಟ್ಯಾಸಿಯಂ-40. ಇದರ ಅರ್ಧಾಯು 125 ಕೋಟಿ ವರ್ಷ, ಕ್ಷಯಿಸಿದ್ದರಲ್ಲಿ ಸುಮಾರು ಶೇ 11 ಆರ್ಗಾನ್-40 ಅನಿಲವಾಗುತ್ತದೆ. ಶಿಲಾದ್ರವ ಕಾದಿರುವಾಗ ಆ ಅನಿಲ ತಪ್ಪಿಸಿಕೊಂಡು ಹೋಗುತ್ತದೆ. ಹೊರಚಿಮ್ಮಿ ತಣ್ಣಗಾದ ಮೇಲೆ ಹುಟ್ಟಿದ್ದು ಮಾತ್ರ ಹರಳಿನೊಳಗೆ ಸಿಕ್ಕಿಕೊಳ್ಳುತ್ತದೆ. ಅಂದರೆ ಸ್ಫೋಟದ ದಿನವೇ ಗಡಿಯಾರ ಸೊನ್ನೆಯಿಂದ ಶುರು.

ಪ್ರಯೋಗಾಲಯದಲ್ಲಿ ಕಲ್ಲನ್ನು ಪುಡಿಮಾಡಿ, ತೊಳೆದು, ಜರಡಿ ಹಿಡಿದು, ಸೂಕ್ಷ್ಮದರ್ಶಕದಡಿ ತಿಳಿಯಾದ ಹರಳುಗಳನ್ನಷ್ಟೇ ಆರಿಸುತ್ತಾರೆ. ವಯಸ್ಸು ಗೊತ್ತಿರುವ ಮಾದರಿ ಹರಳಿನ ಜೊತೆ ಅವನ್ನು ಪರಮಾಣು ರಿಯಾಕ್ಟರಿನಲ್ಲಿಟ್ಟರೆ, ನ್ಯೂಟ್ರಾನ್ ಹೊಡೆತಕ್ಕೆ ಪೊಟ್ಯಾಸಿಯಂ-39ರ ಒಂದು ಪಾಲು ಆರ್ಗಾನ್-39 ಆಗುತ್ತದೆ; ಹರಳಿನಲ್ಲಿ ಪೊಟ್ಯಾಸಿಯಂ ಎಷ್ಟಿದೆಯೆಂಬುದಕ್ಕೆ ಅದೇ ಅಳತೆ. ಆಮೇಲೆ ಒಂದೊಂದೇ ಹರಳನ್ನು ಲೇಸರಿನಿಂದ ಕರಗಿಸಿ, ಹೊರಬಂದ ಆರ್ಗಾನ್-40 ಮತ್ತು 39ರ ಅನುಪಾತವನ್ನು, ಪರಮಾಣುಗಳನ್ನು ತೂಕದ ಪ್ರಕಾರ ಬೇರ್ಪಡಿಸುವ ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಅಳೆಯುತ್ತಾರೆ. ಗಾಳಿಯಿಂದ ನುಸುಳಿದ ಆರ್ಗಾನ್ ಎಷ್ಟೆಂಬುದನ್ನು ಆರ್ಗಾನ್-36 ಹೇಳಿಬಿಡುತ್ತದೆ, ಅದನ್ನು ಕಳೆಯುತ್ತಾರೆ.

1974ರಲ್ಲಿ ಇಥಿಯೋಪಿಯಾದ ಹಡಾರ್‌ನಲ್ಲಿ ಸಿಕ್ಕ, ಲೂಸಿ ಎಂದು ಹೆಸರಿಟ್ಟ ಆದಿಮಾನವ ಹೆಣ್ಣಿನ ಅಸ್ಥಿಪಂಜರದ ವಯಸ್ಸು ನಿಗದಿಯಾದದ್ದು ಹೀಗೆಯೇ. ಕೆಳಗಿನ ಸಿದಿ ಹಕೋಮ ಬೂದಿಗೆ ಸುಮಾರು 34 ಲಕ್ಷ ವರ್ಷ. ಅವಳ ಮಟ್ಟಕ್ಕೆ ತೀರಾ ಹತ್ತಿರದ ಕಡಾ ಹಡಾರ್ ಬೂದಿಗೆ ಸುಮಾರು 31.8 ಲಕ್ಷ. ಅವಳಿಗೆ ಸುಮಾರು 32 ಲಕ್ಷ ಎನ್ನುವುದು ಇದರಿಂದಲೇ.

ತಪ್ಪಾಗುವುದಿಲ್ಲವೇ? ಚೆನ್ನಾಗಿಯೇ ಆಗಿದೆ. ಕೆನ್ಯಾದ ತುರ್ಕಾನಾ ಸರೋವರದ ಪೂರ್ವದಂಡೆಯ ಕೂಬಿ ಫೋರಾದಲ್ಲಿ ಕೆಬಿಎಸ್ ಎಂಬ ಬೂದಿ ಪದರವಿದೆ. ಮೊದಲ ಮಾದರಿ ಅಳೆದಾಗ ಬಂದದ್ದು ಸುಮಾರು 22 ಕೋಟಿ ವರ್ಷ! ಹೊಳೆ ನೀರು ಹೊತ್ತು ತಂದ ಹಳೆಯ ಬಂಡೆಯ ಕಣಗಳು ಬೂದಿಯಲ್ಲಿ ಬೆರೆತಿದ್ದವು. ಅದೇ ಸ್ಫೋಟದ ಪ್ಯೂಮಿಸ್ (ರಂಧ್ರಮಯ ಹಗುರ ಜ್ವಾಲಾಮುಖಿ ಕಲ್ಲು) ಉಂಡೆಗಳ ಹರಳುಗಳನ್ನೇ ಆರಿಸಿ ಅಳೆದಾಗ 26 ಲಕ್ಷ ಬಂತು. 1972ರಲ್ಲಿ ಆ ಪದರದ ಕೆಳಗೆ 1470 ಸಂಖ್ಯೆಯ, ದೊಡ್ಡ ಮಿದುಳಿನ ಆದಿಮಾನವ ಬುರುಡೆ ಸಿಕ್ಕಿದ್ದರಿಂದ ಅದಕ್ಕೆ 26 ಲಕ್ಷಕ್ಕೂ ಹೆಚ್ಚು ವಯಸ್ಸು ಕಟ್ಟಿದರು. ಒಪ್ಪದೆ ಹೋದದ್ದು ಹಂದಿಗಳು. ಆಫ್ರಿಕಾದ ಕೆಲವು ಹಂದಿ ವಂಶಗಳಲ್ಲಿ ಮೂರನೇ ದವಡೆಹಲ್ಲು ಕಾಲ ಸರಿದಂತೆ ಉದ್ದವಾಗುತ್ತ ಹೋಗಿದೆ. ಕೆಬಿಎಸ್ ಕೆಳಗಿನ ಹಲ್ಲುಗಳು ಇಥಿಯೋಪಿಯಾದ ಓಮೋ ಕಣಿವೆಯಲ್ಲಿ ಸುಮಾರು 20 ಲಕ್ಷ ವರ್ಷದ ಪದರದ ಹಲ್ಲುಗಳಿಗೆ ಹೊಂದುತ್ತಿದ್ದವು. ವರ್ಷಗಟ್ಟಲೆ ಜಗಳ ನಡೆದು, ಬೇರೆ ಬೇರೆ ಪ್ರಯೋಗಾಲಯಗಳು ಬೇರೆ ಬೇರೆ ವಿಧಾನದಿಂದ ಅಳೆದ ಮೇಲೆ 1980ರ ಹೊತ್ತಿಗೆ ಪದರದ ವಯಸ್ಸು ಸುಮಾರು 18.8 ಲಕ್ಷ ಎಂದು ಇತ್ಯರ್ಥವಾಯಿತು. ಊಹೆಯಾಗಿದ್ದರೆ ಹಂದಿ ಹಲ್ಲಿಗೆ ಹೆದರಿ ಏಳು ಲಕ್ಷ ವರ್ಷ ಬಿಟ್ಟುಕೊಡಬೇಕಾದ ದರ್ದು ಯಾರಿಗೂ ಇರಲಿಲ್ಲ. ಈಗ ಒಂದೊಂದೇ ಹರಳನ್ನು ಬೇರೆಯಾಗಿ ಅಳೆಯುವುದರಿಂದ ಗುಂಪಿನಲ್ಲಿ ಸೇರಿಕೊಂಡ ಹಳೆಯ ಹರಳು ತಾನಾಗಿ ಎದ್ದು ಕಾಣುತ್ತದೆ.

ಭೂಮಿಯ ಕಾಂತ ದಿಕ್ಕು ತಿರುಗುಮುರುಗಾದ ಗುರುತೂ ಕಲ್ಲುಗಳಲ್ಲಿ ಉಳಿದಿರುತ್ತದೆ. ಇತ್ತೀಚಿನ ದೊಡ್ಡ ತಿರುವು ಸುಮಾರು 7.8 ಲಕ್ಷ ವರ್ಷದ ಹಿಂದಿನದು. ಬೂದಿಯ ಲೆಕ್ಕ ಇದಕ್ಕೂ ತಾಳೆಯಾಗಬೇಕು.

ಬೂದಿಯೇ ಇಲ್ಲದ ಕಡೆ ಕೆಲಸ ಕಷ್ಟ. ದಕ್ಷಿಣ ಆಫ್ರಿಕಾದ ಸುಣ್ಣಕಲ್ಲಿನ ಗುಹೆಗಳಲ್ಲಿ, ನೀರು ಹರಿದು ಕಟ್ಟಿದ ಸುಣ್ಣದ ಪದರಗಳ ಯುರೇನಿಯಂ ಮತ್ತು ಅದು ಕ್ಷಯಿಸಿ ಉಂಟಾದ ಸೀಸವನ್ನು ಅಳೆಯುತ್ತಾರೆ. ನಮ್ಮ ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಆದಿಮಾನವರ ಕೈಗೊಡಲಿಗಳ ಜೊತೆ ಸಿಕ್ಕ ಸಸ್ಯಾಹಾರಿ ಪ್ರಾಣಿಗಳ ಹಲ್ಲುಗಳನ್ನೇ ಎಲೆಕ್ಟ್ರಾನ್ ಸ್ಪಿನ್ ರೆಸೊನೆನ್ಸ್ ವಿಧಾನದಿಂದ ಪರೀಕ್ಷಿಸಿದರು. ಮಣ್ಣಿನ ಸಹಜ ವಿಕಿರಣದಿಂದ ಹಲ್ಲಿನ ಎನಾಮಲ್‌ನಲ್ಲಿ ಸಿಕ್ಕಿಬಿದ್ದ ಎಲೆಕ್ಟ್ರಾನುಗಳಿಂದ ಒಟ್ಟು ವಿಕಿರಣ ಲೆಕ್ಕಹಾಕಿ, ವರ್ಷಕ್ಕೆ ಬೀಳುವ ಪ್ರಮಾಣದಿಂದ ಭಾಗಿಸುವುದು ಕ್ರಮ. ಬಂದ ಉತ್ತರ ಸುಮಾರು 12 ಲಕ್ಷ ವರ್ಷ. ಆದರೆ ಹೂತ ಹಲ್ಲು ಮಣ್ಣಿನ ಯುರೇನಿಯಂ ಹೀರಿದ್ದು ಬೇಗನೋ ತಡವಾಗಿಯೋ ಎಂಬುದರ ಮೇಲೆ ಆ ಅಂಕಿ ಲಕ್ಷಗಳ ಲೆಕ್ಕದಲ್ಲೇ ಹಿಂದೆ ಮುಂದೆ ಆಗಬಹುದು. ಹರಳಿನಿಂದ ಬಂದ ವಯಸ್ಸಿನಷ್ಟು ಬಿಗಿಯಾಗಿ ಇದನ್ನು ಹಿಡಿಯಬಾರದು.