ಅಂಗಣ ಬದಲಾದರೆ ಜನ ಕಡಿಮೆಯಾಗುತ್ತಾರೆಯೇ? ಐಸ್ ಹಾಕಿ ಲೆಕ್ಕದ ಟಿಪ್ಪಣಿ

ಹಾಕಿ ಎಂದ ಕೂಡಲೇ ನಮ್ಮ ಕಡೆಯವರಿಗೆ ಕೊಡಗು ನೆನಪಾಗುತ್ತದೆ. ಇಲ್ಲಿ ಹೇಳುತ್ತಿರುವುದು ಆ ಹಾಕಿಯಲ್ಲ, ಅಮೆರಿಕ ಮತ್ತು ಕೆನಡಾದ ಐಸ್ ಹಾಕಿ, ಎನ್‌ಎಚ್‌ಎಲ್ ಲೀಗಿನದ್ದು. ಮಂಗಳೂರಿನ ಸೆಕೆಯಲ್ಲಿ ಕೂತು ಹಿಮದ ಆಟದ ಲೆಕ್ಕ ಮಾಡುವುದಕ್ಕೆ ಕಾರಣ ಉಂಟು. ಅಲ್ಲಿ ಪ್ರತಿ ತಂಡಕ್ಕೂ 2025-26ರ ವರೆಗೆ ವರ್ಷಕ್ಕೆ 41 ತವರು ಪಂದ್ಯ, ಪ್ರತಿ ಪಂದ್ಯಕ್ಕೂ ಎಷ್ಟು ಜನ ಎಂದು ಪ್ರಕಟವಾಗುವ ಸಂಖ್ಯೆ, 1990ರ ದಶಕದಿಂದ ಈಚೆಗೆ ಹತ್ತಾರು ತಂಡಗಳು ಅಂಗಣ ಬದಲಿಸಿದ ದಾಖಲೆ. ಸಂಖ್ಯಾಶಾಸ್ತ್ರವನ್ನೋ ಕ್ರೀಡಾ ನಿರ್ವಹಣೆಯನ್ನೋ ಓದುವವರಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸ ಸಿಗುವುದು ಕಷ್ಟ.

ಸಾಮಾನ್ಯ ನಿಯಮ ಮೊದಲು ತಿಳಿದಿರಲಿ: ಹೊಸ ಅಂಗಣ ಕಟ್ಟಿದರೆ ಜನ ಹೆಚ್ಚಾಗುತ್ತಾರೆ, ಕಡಿಮೆಯಾಗುವುದಿಲ್ಲ. ನೋಡಿ ಬರೋಣ ಎಂದು ಬರುವವರು ಸೇರಿ ಮೊದಲ ಕೆಲವು ವರ್ಷ ಸಂಖ್ಯೆ ಏರುತ್ತದೆ, ಆಮೇಲೆ ನಿಧಾನಕ್ಕೆ ಹಳೆಯ ಮಟ್ಟಕ್ಕೆ ಇಳಿಯುತ್ತದೆ. ಕ್ರೀಡಾ ಅರ್ಥಶಾಸ್ತ್ರದಲ್ಲಿ ಇದಕ್ಕೆ ಹನಿಮೂನ್ ಪರಿಣಾಮ ಎಂದೇ ಹೆಸರು. ಆದ್ದರಿಂದ "ಅಂಗಣ ಬದಲಾದ ಮೇಲೂ ಜನ ಅಷ್ಟೇ ಇದ್ದರು, ಹಾಗಾಗಿ ನಷ್ಟವಿಲ್ಲ" ಎಂದು ಬರೆದರೆ ಉತ್ತರ ತಪ್ಪು. ಏರಬೇಕಾಗಿದ್ದದ್ದು ಏರಲಿಲ್ಲ ಎಂದರೆ ಅದೂ ನಷ್ಟವೇ.

ಐಲ್ಯಾಂಡರ್ಸ್: ಒಂದೇ ಅಂಕಿ, ಎರಡು ಉತ್ತರ

ನ್ಯೂಯಾರ್ಕ್ ಐಲ್ಯಾಂಡರ್ಸ್ ತಂಡ 1972ರಿಂದ ಲಾಂಗ್ ಐಲ್ಯಾಂಡಿನ ಯೂನಿಯನ್‌ಡೇಲ್‌ನಲ್ಲಿದ್ದ ನಾಸೊ ಕೊಲಿಸಿಯಂನಲ್ಲಿ ಆಡುತ್ತಿತ್ತು. ಹೊಸ ಅಂಗಣಕ್ಕೆ 40 ಕೋಟಿ ಡಾಲರ್ ಬಾಂಡ್ ಎತ್ತುವ ಪ್ರಸ್ತಾವ 2011ರ ಆಗಸ್ಟ್‌ನಲ್ಲಿ ಜನಮತಕ್ಕೆ ಹೋಗಿ ಬಿದ್ದುಹೋಯಿತು. 2012ರ ಅಕ್ಟೋಬರ್‌ನಲ್ಲಿ ಬ್ರೂಕ್ಲಿನ್‌ನ ಬಾರ್ಕ್ಲೇಸ್ ಸೆಂಟರ್‌ಗೆ ಹೋಗುವುದಾಗಿ ತಂಡ ಘೋಷಿಸಿತು, 2015ರಲ್ಲಿ ಹೋಯಿತು. ದೂರ ಸುಮಾರು 40 ಕಿಲೋಮೀಟರ್. ಹಂಪನಕಟ್ಟೆಯಲ್ಲಿ ನಡೆಯುತ್ತಿದ್ದ ಆಟ ಪಡುಬಿದ್ರಿ ದಾಟಿ ಕಾಪುವಿನ ಕಡೆಗೆ ಹೋದಷ್ಟು.

ಪಂದ್ಯವೊಂದಕ್ಕೆ ಸರಾಸರಿ ಪ್ರೇಕ್ಷಕರು ಹೀಗಿದ್ದರು.

ಕೊಲಿಸಿಯಂನಲ್ಲಿ:
2010-11: 11,059
2011-12: 13,191
2012-13: 13,306
2013-14: 14,740
2014-15: 15,334

ಬಾರ್ಕ್ಲೇಸ್‌ನಲ್ಲಿ:
2015-16: 13,626
2016-17: 13,101
2017-18: 12,059

ಕೊಲಿಸಿಯಂನ ಕೊನೆಯ ವರ್ಷವನ್ನೂ ಬಾರ್ಕ್ಲೇಸ್‌ನ ಮೊದಲ ವರ್ಷವನ್ನೂ ಮಾತ್ರ ಹೋಲಿಸಿದರೆ 1,708 ಜನ ಕಡಿಮೆ, ಶೇ 11.1 ಇಳಿಕೆ. ಪತ್ರಿಕೆಯ ತಲೆಬರಹಕ್ಕೆ ಅಷ್ಟು ಸಾಕು. ಈಗ ಹಿಂದಿನ ಐದೂ ವರ್ಷದ ಸರಾಸರಿ ತೆಗೆಯಿರಿ. ಇಲ್ಲಿ ಒಂದು ಎಡವಟ್ಟು ಕಾದಿದೆ: ಮಾಲೀಕರು ಮತ್ತು ಆಟಗಾರರ ಜಗಳದಿಂದ 2012-13ರ ಸೀಸನ್ ಜನವರಿಯಲ್ಲಿ ಶುರುವಾಯಿತು, ತವರು ಪಂದ್ಯ 41 ಇರಲಿಲ್ಲ, 24 ಮಾತ್ರ. ಐದು ಸಂಖ್ಯೆ ಕೂಡಿ ಐದರಿಂದ ಭಾಗಿಸಿದರೆ 13,526 ಬರುತ್ತದೆ, ಅದು ಸರಿಯಲ್ಲ. ಪ್ರತಿ ಸರಾಸರಿಯನ್ನು ಆ ವರ್ಷದ ಪಂದ್ಯಗಳ ಸಂಖ್ಯೆಯಿಂದ ಗುಣಿಸಿ, ಎಲ್ಲ ಕೂಡಿಸಿ, ಒಟ್ಟು 188 ಪಂದ್ಯದಿಂದ ಭಾಗಿಸಬೇಕು. ಆಗ 13,546. ಅಂದರೆ ಬ್ರೂಕ್ಲಿನ್‌ನ ಮೊದಲ ವರ್ಷ 80 ಜನ ಹೆಚ್ಚೇ! ಇಳಿಕೆ ಎಲ್ಲಿ ಹೋಯಿತು?

ಎಲ್ಲಿಗೂ ಹೋಗಲಿಲ್ಲ. ಹೋಲಿಕೆಯ ಆಧಾರ ವರ್ಷ ಬದಲಾಯಿತು, ಅಷ್ಟೇ. 2010-11ರಲ್ಲಿ ತಂಡ 73 ಅಂಕ ಗಳಿಸಿ ತನ್ನ ವಿಭಾಗದ ತಳದಲ್ಲಿತ್ತು, ಆ ವರ್ಷ ಸೇರಿದರೆ ಆಧಾರ ಕೆಳಗೆ ಬೀಳುತ್ತದೆ. 2014-15 ಹಳೆಯ ಅಂಗಣಕ್ಕೆ ವಿದಾಯದ ವರ್ಷ, ಅದೊಂದನ್ನೇ ಹಿಡಿದರೆ ಆಧಾರ ಮೇಲಕ್ಕೆ ಹೋಗುತ್ತದೆ. ಬಾರ್ಕ್ಲೇಸ್‌ನ ಮೂರು ವರ್ಷದ ಸರಾಸರಿ 12,929. ಹಿಂದಿನ ಐದು ವರ್ಷಕ್ಕೆ ಹೋಲಿಸಿದರೆ ಇಳಿಕೆ ಶೇ 4.6, ಹಿಂದಿನ ಮೂರು ವರ್ಷಕ್ಕೆ (106 ಪಂದ್ಯ, ಸರಾಸರಿ 14,645) ಹೋಲಿಸಿದರೆ ಶೇ 11.7. ಉತ್ತರ ಪತ್ರಿಕೆಯಲ್ಲಿ ಎರಡನ್ನೂ ಬರೆದು, ಯಾವುದನ್ನು ಯಾಕೆ ನಂಬುತ್ತೀರಿ ಎಂದು ಹೇಳಿ. ಒಂದನ್ನೇ ಬರೆದು ಸುಮ್ಮನಿದ್ದರೆ ಬೇಕಾದದ್ದನ್ನು ಆರಿಸಿಕೊಂಡ ಹಾಗೆ.

ನಾವು ನಂಬುವುದು ದೊಡ್ಡ ಇಳಿಕೆಯನ್ನೇ. ಕಾರಣ ಅಂಕಪಟ್ಟಿಯಲ್ಲಿದೆ. 2014-15ರಲ್ಲಿ ತಂಡಕ್ಕೆ 101 ಅಂಕ, 2015-16ರಲ್ಲಿ 100. ಆಟ ಕೆಟ್ಟಿರಲಿಲ್ಲ, 1993ರ ನಂತರ ಮೊದಲ ಬಾರಿಗೆ ಪ್ಲೇಆಫ್ ಸುತ್ತೊಂದನ್ನು ಗೆದ್ದದ್ದೂ ಬ್ರೂಕ್ಲಿನ್‌ನ ಆ ಮೊದಲ ವರ್ಷವೇ. ಇನ್ನೊಂದು ವಿಷಯ: ಸೀಸನ್ ಟಿಕೆಟ್ ಮಾರಾಟವಾಗುವುದು ಬೇಸಿಗೆಯಲ್ಲಿ, ಹಿಂದಿನ ವರ್ಷದ ಆಟ ನೋಡಿ. 2013-14ರಲ್ಲಿ ತಂಡ 79 ಅಂಕಕ್ಕೆ ಕುಸಿದರೂ ಜನ 1,434ರಷ್ಟು ಹೆಚ್ಚಿದರು, ಏಕೆಂದರೆ ಅದರ ಹಿಂದಿನ ವರ್ಷ ತಂಡ ಪ್ಲೇಆಫ್ ತಲುಪಿತ್ತು. ಅದೇ ತರ್ಕದಲ್ಲಿ 101 ಅಂಕದ ಮರುವರ್ಷ ಜನ ಇನ್ನೂ ಏರಬೇಕಿತ್ತು, ಮೇಲೆ ಹನಿಮೂನ್ ಲಾಭವೂ ಸೇರಬೇಕಿತ್ತು. ಆದದ್ದು ಇಳಿಕೆ.

2017-18ರ 12,059ನ್ನು ಮಾತ್ರ ಅಂಗಣದ ತಲೆಗೆ ಕಟ್ಟಬೇಡಿ. ಆ ವರ್ಷ ತಂಡಕ್ಕೆ ಬಂದದ್ದು 80 ಅಂಕ.

ಏನು ತಪ್ಪಾಯಿತು

ಬಾರ್ಕ್ಲೇಸ್ ಬಾಸ್ಕೆಟ್‌ಬಾಲ್‌ಗಾಗಿ ಕಟ್ಟಿದ ಅಂಗಣ. ಬಾಸ್ಕೆಟ್‌ಬಾಲ್ ಅಂಕಣ 94 ಅಡಿ ಉದ್ದ, 50 ಅಡಿ ಅಗಲ. ಎನ್‌ಎಚ್‌ಎಲ್ ರಿಂಕ್, ಅಂದರೆ ಹಿಮದ ಅಂಕಣ, 200 ಅಡಿಗೆ 85 ಅಡಿ. ಎರಡು ಪಟ್ಟಿಗಿಂತ ಉದ್ದದ ರಿಂಕನ್ನು ಅದೇ ಬಟ್ಟಲಿನೊಳಗೆ ಇಳಿಸಲು ಒಂದು ಬದಿಗೆ ಸರಿಸಬೇಕಾಯಿತು. ಹಾಗಾಗಿ ಮೇಲೆ ತೂಗುವ ದೊಡ್ಡ ಸ್ಕೋರ್‌ಬೋರ್ಡ್ ರಿಂಕಿನ ನಡುಗೆರೆಯ ಮೇಲಿರದೆ ಪಕ್ಕದ ನೀಲಿ ಗೆರೆಯ ಕಡೆಗೆ ಬಂತು. ಪಶ್ಚಿಮ ತುದಿಯ ಮೇಲಿನ ಸಾಲಿನಲ್ಲಿ ಕೂತವರಿಗೆ ತಮ್ಮ ಕೆಳಗಿನ ಗೋಲೇ ಕಾಣುತ್ತಿರಲಿಲ್ಲ. ಪಕ್ (ಈ ಆಟದಲ್ಲಿ ಚೆಂಡಿನ ಬದಲು ಬಳಸುವ ಚಪ್ಪಟೆ ಬಿಲ್ಲೆ) ಆ ಮೂಲೆಗೆ ಹೋದರೆ ತಲೆಯೆತ್ತಿ ಪರದೆ ನೋಡಬೇಕಿತ್ತು. ಹಿಮದ ಅಡಿಯಲ್ಲಿ ಉಕ್ಕಿನ ಬದಲು ಪಿವಿಸಿ ಕೊಳವೆ ಹಾಕಿದ್ದರಿಂದ ಹಿಮದ ಗುಣಮಟ್ಟದ ಬಗ್ಗೆಯೂ ದೂರಿತ್ತು. ಆದರೆ ಆಟಗಾರರು ಗೊಣಗುವುದಕ್ಕೂ ಪ್ರೇಕ್ಷಕ ಬಾರದಿರುವುದಕ್ಕೂ ನೇರ ಸಂಬಂಧ ತೋರಿಸುವುದು ಕಷ್ಟ, ಅದನ್ನು ಪಟ್ಟಿಯಲ್ಲಿ ಕೆಳಗಿಡಿ.

ಇದು ಹೊಸ ತಪ್ಪೂ ಅಲ್ಲ. 1996ರಲ್ಲಿ ವಿನಿಪೆಗ್‌ನಿಂದ ಫೀನಿಕ್ಸ್‌ಗೆ ಬಂದ ಕಯೋಟೀಸ್ ತಂಡಕ್ಕೆ ಸಿಕ್ಕಿದ್ದೂ ಬಾಸ್ಕೆಟ್‌ಬಾಲ್ ಅಂಗಣವೇ. ಅಲ್ಲೂ ಒಂದು ತುದಿಯ ಸೀಟುಗಳಿಂದ ಆಟ ಸರಿಯಾಗಿ ಕಾಣದೆ ಮಾರುವ ಸೀಟು ಇಳಿಸಬೇಕಾಯಿತು. 2003ರ ಡಿಸೆಂಬರ್‌ನಲ್ಲಿ ತಂಡ ಹಾಕಿಗೆಂದೇ ಕಟ್ಟಿದ ಗ್ಲೆಂಡೇಲ್ ಅಂಗಣಕ್ಕೆ ಹೋಯಿತು. ನೋಟ ಸರಿಯಾಯಿತು, ದೂರ ಕೆಟ್ಟಿತು: ಗ್ಲೆಂಡೇಲ್ ಇರುವುದು ಫೀನಿಕ್ಸ್ ನಗರದ ಪಶ್ಚಿಮಕ್ಕೆ, ಟಿಕೆಟ್ ಕೊಳ್ಳುವ ಜನ ಬಹುಪಾಲು ಪೂರ್ವದ ಸ್ಕಾಟ್ಸ್‌ಡೇಲ್ ಕಡೆಗೆ.

ಪ್ರಯಾಣಕ್ಕೇ ಹೆಚ್ಚು ತೂಕ ಕೊಡಬೇಕು. ಕೊಲಿಸಿಯಂ ಸುತ್ತ ವಿಶಾಲ ಪಾರ್ಕಿಂಗ್, ಜನ ಮಕ್ಕಳನ್ನು ಕಾರಿನಲ್ಲಿ ಕೂರಿಸಿಕೊಂಡು ಬರುತ್ತಿದ್ದರು. ಬ್ರೂಕ್ಲಿನ್‌ನಲ್ಲಿ ರೈಲು ನಿಲ್ದಾಣ ಅಂಗಣದ ಬಾಗಿಲಲ್ಲೇ ಇದೆ, ಆದರೆ ಲಾಂಗ್ ಐಲ್ಯಾಂಡ್‌ನಿಂದ ಬರುವವರು ಹೆಚ್ಚಾಗಿ ಜಮೈಕಾ ನಿಲ್ದಾಣದಲ್ಲಿ ಗಾಡಿ ಬದಲಿಸಬೇಕಿತ್ತು. ರಾತ್ರಿ 7ಕ್ಕೆ ಶುರುವಾದ ಪಂದ್ಯ 20 ನಿಮಿಷದ ಮೂರು ಅವಧಿ, ಎರಡು ವಿರಾಮ ಸೇರಿ ಮುಗಿಯುವಾಗ ಒಂಬತ್ತೂವರೆ ದಾಟುತ್ತದೆ. ಮರುದಿನ ಶಾಲೆ. ಈ ಸಂಗತಿ ನಮ್ಮ ಕಡೆ ಯಕ್ಷಗಾನದ ಆಟಕ್ಕೆ ಹೋಗುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ರಾತ್ರಿಯಿಡೀ ನಡೆಯುವ ಬಯಲಾಟವಾದರೆ ಮಂಗಳ ಆಗುವ ಹೊತ್ತಿಗೆ ಬೆಳಗಿನ ಮೊದಲ ಬಸ್ಸು ಬರುತ್ತದೆ. ಕಾಲಮಿತಿ ಆಟ ಮಧ್ಯರಾತ್ರಿಗೆ ಮುಗಿದರೆ ಸ್ವಂತ ಗಾಡಿ ಇಲ್ಲದವನ ಕಥೆ ಕಷ್ಟ. ದೂರವನ್ನು ಕಿಲೋಮೀಟರ್‌ನಲ್ಲಿ ಅಳೆಯುವುದಕ್ಕಿಂತ ಮನೆ ಬಾಗಿಲಿಂದ ಮನೆ ಬಾಗಿಲಿಗೆ ಎಷ್ಟು ನಿಮಿಷ ಎಂದು ಅಳೆಯಬೇಕು, ಅದರಲ್ಲೂ ವಾಪಸು ಬರುವ ನಿಮಿಷ.

ಇದರ ಅತಿ ಕೆಟ್ಟ ಉದಾಹರಣೆ 1997ರದ್ದು. ಹಾರ್ಟ್‌ಫರ್ಡ್ ತಂಡ ಉತ್ತರ ಕ್ಯಾರೊಲೈನಾಕ್ಕೆ ಹೋಯಿತು, ರಾಲಿಯ ಅಂಗಣ ಇನ್ನೂ ಕಟ್ಟುವ ಹಂತದಲ್ಲಿತ್ತು. ಎರಡು ಸೀಸನ್ ನೂರು ಕಿಲೋಮೀಟರ್‌ಗೂ ಹೆಚ್ಚು ದೂರದ ಗ್ರೀನ್ಸ್‌ಬರೊದಲ್ಲಿ ಆಡಿತು. ರಾಲಿಯವರಿಗೆ ಅದು ದೂರ, ಗ್ರೀನ್ಸ್‌ಬರೊದವರಿಗೆ ಅದು ಹೇಗೂ ಬಿಟ್ಟುಹೋಗುವ ತಂಡ. ಇಪ್ಪತ್ತು ಸಾವಿರ ಜನ ಹಿಡಿಯುವ ಅಂಗಣದಲ್ಲಿ ಮೊದಲ ವರ್ಷ ಸರಾಸರಿ ಒಂಬತ್ತು ಸಾವಿರದ ಆಸುಪಾಸು.

ಸಂಖ್ಯೆಯೇ ದಾರಿ ತಪ್ಪಿಸುವ ಜಾಗಗಳು

ಪ್ರಕಟವಾಗುವ ಸಂಖ್ಯೆ ವಿತರಿಸಿದ ಟಿಕೆಟ್‌ನದ್ದು, ಗೇಟು ದಾಟಿದ ತಲೆಗಳದ್ದಲ್ಲ. ಡೆಟ್ರಾಯಿಟ್ ತಂಡ 2017ರಲ್ಲಿ ಲಿಟಲ್ ಸೀಸರ್ಸ್ ಅರೇನಾಕ್ಕೆ ಹೋದಾಗ ಟಿವಿಯಲ್ಲಿ ಸಾಲು ಸಾಲು ಕೆಂಪು ಸೀಟು ಖಾಲಿ ಕಾಣುತ್ತಿತ್ತು, ಪಟ್ಟಿಯಲ್ಲಿ ಮಾತ್ರ ಜನ ತುಂಬಿದ್ದರು. ಒಂದಷ್ಟು ಜನ ಬಂದೇ ಇರಲಿಲ್ಲ, ಒಂದಷ್ಟು ಜನ ಒಳಗಿನ ಹೋಟೆಲು, ಬಾರು, ಓಡಾಟದ ಜಾಗಗಳಲ್ಲಿದ್ದರು. ಕೊನೆಗೆ ಸೀಟಿನ ಬಣ್ಣವನ್ನೇ ಕಪ್ಪಿಗೆ ಬದಲಿಸಿದರು!

ಎರಡನೆಯದು ಮೇಲ್ಮಿತಿ. ಎಡ್ಮಂಟನ್ ತಂಡ 2016ರಲ್ಲಿ 16,839 ಸೀಟಿನ ಅಂಗಣದಿಂದ 18,347 ಸೀಟಿನ ರಾಜರ್ಸ್ ಪ್ಲೇಸ್‌ಗೆ ಹೋಯಿತು. ಹಳೆಯದೂ ತುಂಬಿತ್ತು, ಹೊಸದೂ ತುಂಬಿತು. ಇಲ್ಲಿ ಶೇ 9 ಏರಿಕೆ ಬೇಡಿಕೆಯ ಏರಿಕೆಯಲ್ಲ, ಸೀಟಿನ ಏರಿಕೆ. ಭರ್ತಿಯಾದ ಪಂದ್ಯಗಳು ಹೆಚ್ಚಿದ್ದರೆ ಸಾಮಾನ್ಯ ರಿಗ್ರೆಶನ್ ಬಿಟ್ಟು ಟೋಬಿಟ್ ಮಾದರಿ (ಮೇಲ್ಮಿತಿಗೆ ತಾಗಿ ನಿಂತ ಸಂಖ್ಯೆಗಳಿಗೆಂದೇ ಇರುವ ವಿಧಾನ) ಬಳಸುವುದು ಇದಕ್ಕೇ. ಭರ್ತಿಯ ಶೇಕಡಾವಾರು ನೋಡಿದರೂ ಮೋಸವಾದೀತು: ಕಯೋಟೀಸ್ 2022ರಲ್ಲಿ 4,600 ಸೀಟಿನ ವಿಶ್ವವಿದ್ಯಾಲಯದ ಅಂಗಣಕ್ಕೆ ಹೋದ ಮೇಲೆ ಶೇಕಡಾವಾರು ಸುಂದರವಾಗಿತ್ತು, ತಂಡ 2024ರಲ್ಲಿ ಊರನ್ನೇ ಬಿಟ್ಟಿತು.

ಮಾದರಿ ಕಟ್ಟುವುದು

ಸೀಸನ್ ಸರಾಸರಿ ಬೇಡ, ಪಂದ್ಯಕ್ಕೊಂದು ಸಾಲು ಮಾಡಿ. ಐದು ವರ್ಷಕ್ಕೆ ಸುಮಾರು 200 ಸಾಲು, ಸ್ಪ್ರೆಡ್‌ಶೀಟಿಗೆ ಅದೇನೂ ಭಾರವಲ್ಲ. ಕಾಲಂಗಳು: ಪ್ರೇಕ್ಷಕರ ಸಂಖ್ಯೆಯ ಲಾಗ್, ವಾರದ ದಿನ, ತಿಂಗಳು, ಎದುರಾಳಿ, ಹಿಂದಿನ ವರ್ಷದ ಅಂಕ, ಈ ವರ್ಷ ಆ ಪಂದ್ಯದ ಹಿಂದಿನ ದಿನದವರೆಗಿನ ಅಂಕದ ಪ್ರಮಾಣ, ಹೊಸ ಅಂಗಣದ 1ನೇ ವರ್ಷ, 2ನೇ ವರ್ಷ, 3ನೇ ವರ್ಷಕ್ಕೆ ಒಂದೊಂದು ಡಮ್ಮಿ (ಹೌದಾದರೆ 1, ಅಲ್ಲವಾದರೆ 0). ಸೀಸನ್ ಮುಗಿದ ಮೇಲಿನ ಒಟ್ಟು ಅಂಕವನ್ನು ಅಕ್ಟೋಬರ್ ಪಂದ್ಯದ ಸಾಲಿಗೆ ಹಾಕುವುದು ಪದೇ ಪದೇ ಆಗುವ ತಪ್ಪು. ಅಕ್ಟೋಬರ್‌ನಲ್ಲಿ ಟಿಕೆಟ್ ಕೊಂಡವನಿಗೆ ಏಪ್ರಿಲ್‌ನ ಅಂಕ ಗೊತ್ತಿರುವುದಿಲ್ಲ. ವಿದಾಯದ ವರ್ಷಕ್ಕೂ ಪ್ರತ್ಯೇಕ ಡಮ್ಮಿ ಹಾಕಿ, ಇಲ್ಲದಿದ್ದರೆ ಆ ಉಬ್ಬು ಹೊಸ ಅಂಗಣದ ನಷ್ಟವಾಗಿ ಕಾಣುತ್ತದೆ.

ಲಾಗ್ ಬಳಸಿದಾಗ ಹೊಸ ಅಂಗಣದ ಡಮ್ಮಿಯ ಗುಣಾಂಕ ಮೈನಸ್ 0.118 ಬಂದರೆ ಅದನ್ನು ಶೇ 11.8 ಎಂದು ಓದಬೇಡಿ. ಇ ಘಾತ ಮೈನಸ್ 0.118 ಎಂದರೆ 0.889, ಅಂದರೆ ಇಳಿಕೆ ಶೇ 11.1. ಸಣ್ಣ ಗುಣಾಂಕಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ, ದೊಡ್ಡದಕ್ಕೆ ತಿಳಿಯುತ್ತದೆ.

ಊರಿನ ಅಭ್ಯಾಸ

ನೆಹರೂ ಮೈದಾನದಲ್ಲಿ ನಡೆಯುತ್ತಿದ್ದ ಟಿಕೆಟ್ ಪಂದ್ಯಾಟವೊಂದು ಸುರತ್ಕಲ್‌ಗೆ ಹೋಗುತ್ತದೆ ಎಂದು ಇಟ್ಟುಕೊಳ್ಳಿ. ಅಂಕಿಗಳೆಲ್ಲ ಲೆಕ್ಕಕ್ಕಾಗಿ ಇಟ್ಟವು. ಹಳೆಯ ಟಿಕೆಟ್ ಪಟ್ಟಿಯ 1,000 ಜನರಲ್ಲಿ ತೊಕ್ಕೊಟ್ಟು, ಬಿ.ಸಿ.ರೋಡ್ ಕಡೆಯವರು 450, ಕದ್ರಿ, ಬಿಜೈ, ಮಣ್ಣಗುಡ್ಡೆಯವರು 350, ಹಳೆಯಂಗಡಿ, ಮೂಲ್ಕಿ, ಕಿನ್ನಿಗೋಳಿಯವರು 200. ಒಂದು ಕಡೆಯ ಪ್ರಯಾಣ ಮೊದಲ ಗುಂಪಿಗೆ 40 ನಿಮಿಷದಿಂದ 80ಕ್ಕೆ, ಎರಡನೆಯದಕ್ಕೆ 20ರಿಂದ 50ಕ್ಕೆ ಏರುತ್ತದೆ. ಮೂರನೆಯದಕ್ಕೆ 60ರಿಂದ 25ಕ್ಕೆ ಇಳಿಯುತ್ತದೆ. ತೂಕದ ಸರಾಸರಿ 37 ನಿಮಿಷದಿಂದ 58.5ಕ್ಕೆ ಹೋಗುತ್ತದೆ. ಇಷ್ಟಕ್ಕೇ ನಿಲ್ಲಿಸಿದರೆ ಅರ್ಧ ಅಂಕ. ಹಳೆಯ ಟಿಕೆಟ್ ಪಟ್ಟಿಯಲ್ಲಿ ಇರುವವರು ಹಳೆಯ ಜಾಗಕ್ಕೆ ಬರಲು ಆದವರು ಮಾತ್ರ. ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದ ತನಕ ಸರ್ವಿಸ್ ಬಸ್ಸಿನಲ್ಲಿ ಬಂದು ರಾತ್ರಿ ವಾಪಸು ಹೋಗಲಾಗದ ಪಡುಬಿದ್ರಿಯವರು, ಕಾಪುವಿನವರು ಆ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಆದ್ದರಿಂದ 21.5 ನಿಮಿಷದ ಏರಿಕೆ ನಷ್ಟವನ್ನು ಹೆಚ್ಚಾಗಿ ತೋರಿಸುತ್ತದೆ. ತೂಕಕ್ಕೆ ಟಿಕೆಟ್ ಪಟ್ಟಿಯ ಬದಲು ಆ ಊರುಗಳ ಜನಸಂಖ್ಯೆ ಹಾಕಿ ಇದೇ ಲೆಕ್ಕವನ್ನು ಇನ್ನೊಮ್ಮೆ ಮಾಡಿ, ಎರಡು ಉತ್ತರಗಳ ನಡುವಿನ ಅಂತರ ಎಷ್ಟೆಂದು ಬರೆಯಿರಿ.

ಹಾಗೆಯೇ ಐಲ್ಯಾಂಡರ್ಸ್‌ನ 2018-19ನ್ನು ಬೇರೆಯಾಗಿ ತೆಗೆದುಕೊಳ್ಳಿ. ಆ ಸೀಸನ್ ತಂಡ ತವರು ಪಂದ್ಯಗಳನ್ನು ಹೆಚ್ಚುಕಡಿಮೆ ಅರ್ಧರ್ಧ ಹಂಚಿಕೊಂಡು, ನವೀಕರಿಸಿದ ಕೊಲಿಸಿಯಂನಲ್ಲೂ ಬಾರ್ಕ್ಲೇಸ್‌ನಲ್ಲೂ ಆಡಿತು. ಅವೇ ಆಟಗಾರರು, ಅದೇ ವರ್ಷ, ಎರಡು ಅಂಗಣ. ಎರಡನ್ನೂ ಸೇರಿಸಿ ಸರಾಸರಿ ತೆಗೆದರೆ ಈ ಅವಕಾಶ ಕೈತಪ್ಪುತ್ತದೆ, ಬೇರೆ ಬೇರೆ ಇಟ್ಟು ಹೋಲಿಸಿ. ಹೋಲಿಸುವ ಮೊದಲು ಎರಡು ವಿಷಯ ನೋಡಿಕೊಳ್ಳಿ: ನವೀಕರಣದ ನಂತರ ಕೊಲಿಸಿಯಂನಲ್ಲಿ ಸೀಟು 14 ಸಾವಿರಕ್ಕೂ ಕಡಿಮೆ, ಮತ್ತು ಶನಿವಾರದ ಪಂದ್ಯಗಳು ಯಾವ ಅಂಗಣದ ಪಾಲಿಗೆ ಎಷ್ಟು ಬಂದಿದ್ದವು.