ಬಾಳೆ ಮೀನು ಹೊಳೆಯ ಕೊಳಕು ತಿಂದು ಬೆಳೆಯುತ್ತಾ?

ಓದುಗರೊಬ್ಬರ ಪ್ರಶ್ನೆ: "ಮೀಸೆ ಇರೋ ಮೀನೆಲ್ಲಾ ಕೊಳಕು ತಿನ್ನುತ್ತವಂತೆ. ನಮ್ಮ ಹೊಳೆಯ ಬಾಳೆ ಮೀನೂ ಹಾಗೇನಾ?"

ಇಲ್ಲ. ಬಾಳೆ ಮೀನು ಬೇಟೆಗಾರ. ಈ ಮಾತು ಎಲ್ಲಿಂದ ಬಂತು ಅಂತ ನನಗೆ ಗೊತ್ತು: ಹೊಂಡಗಳಲ್ಲಿ ಕೋಳಿ ಅಂಗಡಿಯ ತ್ಯಾಜ್ಯ ಹಾಕಿ ಕದ್ದುಮುಚ್ಚಿ ಸಾಕುವ, ಮೀಸೆ ಇರೋ ಇನ್ನೊಂದು ಮೀನು ಆಫ್ರಿಕನ್ ಕ್ಯಾಟ್‌ಫಿಶ್‌ನಿಂದ. ಅದನ್ನು ಸಾಕಬಾರದು ಅಂತ ಕೇಂದ್ರ ಸರ್ಕಾರ 2000ದಲ್ಲೇ ನಿಷೇಧ ಹಾಕಿದೆ. ಅದರ ಕೆಟ್ಟ ಹೆಸರು ಸುಮ್ನೆ ನಮ್ಮ ಹೊಳೆ ಮೀನಿಗೂ ಅಂಟಿಕೊಂಡಿದೆ, ಅದು ನನಗೆ ನಿಜಕ್ಕೂ ಬೇಜಾರು.

ಬಾಳೆ ಮೀನಿನ ಬಾಯಿ ಒಮ್ಮೆ ನೋಡಿ. ಸೀಳು ಕಣ್ಣನ್ನೂ ದಾಟಿ ಹಿಂದಕ್ಕೆ ಹೋಗಿರುತ್ತದೆ. ಒಳಗೆ ಸಣ್ಣ ಚೂಪು ಹಲ್ಲುಗಳು ಒತ್ತಾಗಿವೆ, ತುದಿಯೆಲ್ಲಾ ಗಂಟಲ ಕಡೆಗೆ ಬಾಗಿರುತ್ತವೆ. ಅಗಿಯೋಕೆ ಅಲ್ಲ ಆ ಹಲ್ಲು, ಹಿಡಿದದ್ದು ಜಾರಿ ಹೋಗಬಾರದು ಅಂತ. ಸಿಕ್ಕಿದ್ದನ್ನು ಇಡಿಯಾಗಿ ನುಂಗುತ್ತದೆ. ಮನೆಯಲ್ಲಿ ಹೊಟ್ಟೆ ಸೀಳುವಾಗ ಇಡೀ ಸಸಲು ಮೀನು ಹಾಗೇ ಸಿಕ್ಕಿದ್ದನ್ನು ಚಿಕ್ಕಂದಿನಲ್ಲಿ ನೋಡಿದ್ದೇನೆ. ಎಷ್ಟೋ ಸಲ ಹೊಟ್ಟೆ ಪೂರ್ತಿ ಖಾಲಿಯೂ ಇರುತ್ತದೆ, ಯಾಕಂದ್ರೆ ಇದು ದಿನವಿಡೀ ಮೇಯುವ ಮೀನಲ್ಲ, ಒಮ್ಮೆ ದೊಡ್ಡದು ನುಂಗಿದರೆ ಸುಮಾರು ಹೊತ್ತು ಸುಮ್ಮನಿರುತ್ತದೆ.

ಹಗಲು ದಡದ ಪೊಟರೆಯಲ್ಲೋ ಮಡುವಿನ ತಳದಲ್ಲೋ ಅಡಗಿರುತ್ತದೆ. ಕತ್ತಲಾದ ಮೇಲೆ ಹೊರಗೆ ಬರುತ್ತದೆ, ಅದಕ್ಕೇ ಗಾಳ ಹಾಕುವವರು ರಾತ್ರಿ ಕಾಯೋದು. ಕಣ್ಣು ಚಿಕ್ಕದು, ಕೆಂಪು ನೀರಲ್ಲಿ ಕಣ್ಣಿಂದ ಆಗೋದೂ ಅಷ್ಟಕ್ಕಷ್ಟೇ. ಆ ಕೆಲಸವನ್ನು ಮೀಸೆ ಮಾಡುತ್ತದೆ. ನಮ್ಮ ನಾಲಿಗೆಯಲ್ಲಿರುವಂಥ ರುಚಿ ಮೊಗ್ಗುಗಳು ಅದರ ಮೀಸೆಯಲ್ಲಿವೆ, ತಾಗಿದ ಕೂಡಲೇ ಅದು ತಿನ್ನುವಂಥದ್ದೋ ಅಲ್ಲವೋ ತಿಳಿಯುತ್ತದೆ. ಮೀಸೆ ಇರೋದು ಕೆಸರು ಕೆದಕೋಕೆ ಅನ್ನೋರು ಇದನ್ನು ಗಮನಿಸಬೇಕು.

ತಿನ್ನೋದು ಏನು? ಮರಿಯಾಗಿದ್ದಾಗ ನೀರಿನ ಹುಳ, ಸಣ್ಣ ಸೀಗಡಿ. ಬೆಳೆದಂತೆ ಜಾಸ್ತಿ ಮೀನೇ, ಜೊತೆಗೆ ಸೀಗಡಿ, ಕಪ್ಪೆ. ಹಸಿವಾದರೆ ಮರಿಗಳು ಒಂದನ್ನೊಂದು ನುಂಗುತ್ತವೆ. ಕಟ್ಲಾ, ರೋಹು ಸಾಕುವವರು ಮರಿ ಬಿಡುವ ಮುಂಚೆ ಹೊಂಡಕ್ಕೆ ಮೀನಿಗೆ ವಿಷವಾಗುವ ಇಪ್ಪೆ ಹಿಂಡಿ ಹಾಕಿ ಇಂಥ ಮೀನುಗಳನ್ನು ತೆಗೆಯೋದು ಇದೇ ಭಯಕ್ಕೆ. ಸತ್ತ ಮೀನನ್ನು ಗಾಳಕ್ಕೆ ಸಿಕ್ಕಿಸಿದರೂ ಬಾಳೆ ಬರುತ್ತದೆ, ನಿಜ. ಹಾಗಂತ ಅದು ಕೊಳಕು ತಿಂದು ಬದುಕುತ್ತದೆ ಅನ್ನೋಕಾಗಲ್ಲ, ಅಲ್ವಾ? ಆದರೆ ಚರಂಡಿ ನೀರು ಸೇರುವ ಜಾಗದಲ್ಲಿ ಹಿಡಿದದ್ದಾದರೆ ಯಾವ ಮೀನನ್ನೂ ನಾನು ತಿನ್ನಲ್ಲ, ಅದು ನೀರಿನ ತಪ್ಪು.

ಕೃಷ್ಣಾ, ತುಂಗಭದ್ರಾ, ಕಾವೇರಿ ಮೂರರಲ್ಲೂ ಇರುವ ಮೀನು ಇದು. ಬಂಗಾಳಿಗಳ 'ಬೋಯಾಲ್' ಕೂಡ ಇದೇ. ಈಗ ಅಳಿವಿನ ಅಪಾಯ ಇರುವ ಜೀವಿಗಳ ಜಾಗತಿಕ ಕೆಂಪು ಪಟ್ಟಿಗೂ ಸೇರಿದೆ. ಮಳೆಗಾಲದ ಹೊಸ ನೀರಿಗೆ ಮೊಟ್ಟೆ ಇಡಲು ಏರಿ ಬರುವಾಗಲೇ ತುಂಬಾ ಹಿಡಿಯುತ್ತೇವೆ. ಸೊಳ್ಳೆ ಪರದೆಯಂಥ ಸಣ್ಣ ಕಣ್ಣಿನ ಬಲೆ ಎಳೆದು, ಅದು ತಿನ್ನಬೇಕಾದ ಪುಟ್ಟ ಮೀನುಗಳನ್ನೂ ಬಳಿದು ತರುತ್ತೇವೆ. ಈ ಮಳೆಗಾಲ ಮೊಟ್ಟೆ ತುಂಬಿದ ಬಾಳೆ ಬಲೆಗೆ ಬಿದ್ದರೆ ದಯವಿಟ್ಟು ನೀರಿಗೇ ಬಿಡಿ.