ಬಿರುಕು ಬಿಟ್ಟ ಗ್ರೈಂಡರ್: ಇಟ್ಟುಕೊಳ್ಳೋದಾ, ವಾಪಸ್ ಕಳಿಸೋದಾ?

ಪ್ರಶ್ನೆ: ನಾವು ಮುಂಬೈ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ ಇರುವವರು. ಆನ್‌ಲೈನಿನಲ್ಲಿ 2 ಲೀಟರಿನ ಟೇಬಲ್‌ಟಾಪ್ ಗ್ರೈಂಡರ್ ತರಿಸಿದೆವು. ಮಂಗಳವಾರ ಬಂತು. ನಾನೂ ಮನೆಯವರೂ ಕೆಲಸಕ್ಕೆ ಹೋಗಿದ್ದೆವು, ಅತ್ತೆ ದೇವಸ್ಥಾನಕ್ಕೆ ಹೋಗಿದ್ದರು. ವಾಚ್‌ಮನ್ ತೆಗೆದಿಟ್ಟುಕೊಂಡಿದ್ದ. ಡಬ್ಬದ ಒಂದು ಮೂಲೆ ಜಜ್ಜಿತ್ತು. ಶುಕ್ರವಾರ ರಾತ್ರಿ ಬಿಚ್ಚಿ ನೋಡಿದರೆ ಕೆಳಗಿನ ಪ್ಲಾಸ್ಟಿಕ್ ಬಾಡಿಯಲ್ಲಿ ಬೆರಳುದ್ದ ಬಿರುಕು. ಕಲ್ಲು, ಡ್ರಮ್ ಚೆನ್ನಾಗಿವೆ. ಸ್ವಿಚ್ ಹಾಕಿದರೆ ತಿರುಗುತ್ತದೆ. ಮಾರಿದವರಿಗೆ ಫೋಟೊ ಕಳಿಸಿದೆ. 400 ರೂಪಾಯಿ ವಾಪಸ್ ಕೊಡುತ್ತೇವೆ, ಗ್ರೈಂಡರ್ ನೀವೇ ಇಟ್ಟುಕೊಳ್ಳಿ ಅಂದರು. ಅತ್ತೆ, ‘ತಿರುಗ್ತದಲ್ಲ, ಇರ್ಲಿ ಬಿಡು ಮಾರಾಯ್ತಿ’ ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ವಾಪಸ್ ಕಳಿಸಿ. 400 ರೂಪಾಯಿ ಬೇಡ ಅಂತ ಇವತ್ತೇ ಬರೆದು ತಿಳಿಸಿ. ಅತ್ತೆಗೆ ಹೇಗೆ ಹೇಳುವುದು ಅನ್ನುವುದು ನಿಮಗೆ ಬಿಟ್ಟದ್ದು. ಕಾರಣ ಮಾತ್ರ ನಾನು ಕೊಡುತ್ತೇನೆ.

ಇಂಥ ಪ್ರಶ್ನೆ ಕೇಳುವವರೆಲ್ಲ ಬಿರುಕು ಎಷ್ಟುದ್ದ ಇದೆ ಅಂತಲೇ ಹೇಳುತ್ತಾರೆ. ಬೆರಳುದ್ದ, ಕೂದಲಿನಷ್ಟು, ಕಾಣಿಸುವುದೇ ಇಲ್ಲ ಹೀಗೆ. ಉದ್ದ ಅಷ್ಟು ಮುಖ್ಯವಲ್ಲ. ಅದು ಎಲ್ಲಿದೆ, ಆ ಜಾಗ ದಿನಾ ಏನು ಕೆಲಸ ಮಾಡುತ್ತದೆ ಅನ್ನುವುದನ್ನು ನೋಡಬೇಕು. ನಿಮ್ಮ ಗ್ರೈಂಡರನ್ನೇ ತಗೊಳ್ಳಿ. ಆ ಪ್ಲಾಸ್ಟಿಕ್ ಬಾಡಿ ಬರೀ ಅಂದಕ್ಕೆ ಇರುವುದಲ್ಲ. ಅದರ ಒಳಗೆ ಮೋಟಾರ್ ಕೂತಿದೆ. ಮೋಟಾರಿನಿಂದ ಬೆಲ್ಟ್ ಹೋಗಿ ಡ್ರಮ್ ತಿರುಗಿಸುತ್ತದೆ. ಮೋಟಾರೂ ಡ್ರಮ್ಮಿನ ಕೆಳಗಿನ ಕಂಬಿಯೂ ಅಲುಗದೆ ನಿಲ್ಲುವುದು ಆ ಬಾಡಿಯ ಬಲದಿಂದ. ಖಾಲಿ ಡ್ರಮ್ ಒಂದು ನಿಮಿಷ ತಿರುಗುವುದು ಬೇರೆ, ಒಂದು ಸೇರು ಅಕ್ಕಿ ಉದ್ದು ಹಾಕಿಕೊಂಡು ಅರ್ಧ ಗಂಟೆ ನಡುಗುತ್ತಾ ರುಬ್ಬುವುದು ಬೇರೆ. ಇವತ್ತಿನ ಬೆರಳುದ್ದದ ಬಿರುಕು ಗಣೇಶ ಚೌತಿಯ ಹೊತ್ತಿಗೆ ಗೇಣುದ್ದ ಆಗಬಹುದು. ಇನ್ನು ಹಿಟ್ಟು ತೆಗೆಯುವಾಗ, ಡ್ರಮ್ ಎತ್ತುವಾಗ ನೀರು ಸೋರುವುದು ಎಲ್ಲಿಗೆ? ಅದೇ ಬಾಡಿಯ ಮೇಲೆ. ಒಳಗೆ ಕರೆಂಟು. ಇದಕ್ಕೆ 400 ರೂಪಾಯಿ ಯಾವ ಲೆಕ್ಕ?

ಒಂದು ಕೆಲಸ ಮಾತ್ರ ಮಾಡಬೇಡಿ. ಪರೀಕ್ಷೆ ಮಾಡುತ್ತೇನೆ ಅಂತ ಅಕ್ಕಿ ಹಾಕಿ ರುಬ್ಬಬೇಡಿ. ಬಳಸಿದ ವಸ್ತು ಅಂತ ಹೇಳಿ ವಾಪಸ್ ತಗೊಳ್ಳಲು ತಕರಾರು ಮಾಡುತ್ತಾರೆ.

ನಾನು ಈ ಪಾಠ ಕಲಿತದ್ದು ಒಂದು ಭರಣಿಯಿಂದ. ಮೂರು ಕಿಲೊ ಹಿಡಿಯುವ ಪಿಂಗಾಣಿ ಭರಣಿ, ಉಪ್ಪಿನಕಾಯಿಗೆಂದು ಆನ್‌ಲೈನಿನಲ್ಲಿ ತರಿಸಿದ್ದು. ಒಂದು ಬದಿಯಲ್ಲಿ ಕೂದಲೆಳೆಯಂಥ ಗೆರೆ ಇತ್ತು. ಹೊಳಪಿನ ಗೆರೆ ಇರಬೇಕು ಅಂದುಕೊಂಡೆ. ನಿಜ ಹೇಳಬೇಕೆಂದರೆ, ಮತ್ತೆ ಪ್ಯಾಕ್ ಮಾಡಲು ಸೋಮಾರಿತನ. ಊರಿಂದ ಬಂದ ಮಾವಿನ ಮಿಡಿ ಉಪ್ಪಿನಲ್ಲಿ ಹಾಕಿ, ಬಾಯಿಗೆ ಬಿಳಿ ಬಟ್ಟೆ ಕಟ್ಟಿ, ಅಡುಗೆ ಮನೆಯ ಲಾಫ್ಟ್ ಮೇಲೆ ಇಟ್ಟೆ. ಹತ್ತು ದಿನ ಬಿಟ್ಟು ನೋಡಿದರೆ ಭರಣಿಯ ಹೊರಗೆ ಬಿಳಿ ಉಪ್ಪು ಹೂವಿನ ಹಾಗೆ ಅರಳಿದೆ, ಕೆಳಗಿನ ಪೇಪರ್ ಒದ್ದೆ, ಒಳಗೆ ಉಪ್ಪುನೀರು ಅರ್ಧಕ್ಕೆ ಇಳಿದು ಮೇಲಿನ ಮಿಡಿಗಳೆಲ್ಲ ಬೂಸಲು. ಭರಣಿಯ ದುಡ್ಡು ಹೋದದ್ದಕ್ಕಿಂತ ಆ ಮಿಡಿ ಹೋದದ್ದು ಹೊಟ್ಟೆ ಉರಿಸಿತು. ಮಾಟುಂಗದ ಅಂಗಡಿಯಲ್ಲಿ ತಗೊಂಡಿದ್ದರೆ ಬೆರಳಿನ ಗೆಣ್ಣಿನಿಂದ ತಟ್ಟಿ ನೋಡಿಯೇ ತರುತ್ತಿದ್ದೆ. ಸರಿಯಿದ್ದರೆ ‘ಟಣ್’ ಅನ್ನುತ್ತದೆ, ಒಡೆದಿದ್ದರೆ ‘ಟಪ್’ ಅನ್ನುತ್ತದೆ. ಮನೆ ಬಾಗಿಲಿಗೆ ಬಂದದ್ದನ್ನು ತಟ್ಟಿ ನೋಡುವ ಬುದ್ಧಿ ಆವತ್ತು ಬರಲಿಲ್ಲ. ಈಗ ಮಣ್ಣಿನದು, ಪಿಂಗಾಣಿಯದು ಏನೇ ಬರಲಿ, ತಟ್ಟುತ್ತೇನೆ. ಅನುಮಾನ ಇದ್ದರೆ ನೀರು ತುಂಬಿಸಿ, ಒಣ ಪೇಪರ್ ಮೇಲೆ ರಾತ್ರಿಯಿಡೀ ಇಡುತ್ತೇನೆ.

ಹಾಗಾಗಿ ನನ್ನ ಲೆಕ್ಕ ಇಷ್ಟೇ: ನೀರು, ಬೆಂಕಿ, ಕರೆಂಟು, ಹಬೆ. ಈ ನಾಲ್ಕರಲ್ಲಿ ಒಂದನ್ನು ತಡೆದು ಹಿಡಿಯಬೇಕಾದ ಜಾಗದಲ್ಲಿ ಪೆಟ್ಟು ಬಿದ್ದಿದ್ದರೆ ಎರಡನೇ ಯೋಚನೆ ಬೇಡ. ಕುಕ್ಕರಿನ ಹೊಟ್ಟೆಯಲ್ಲಿ ಸಣ್ಣ ತಗ್ಗು ಇದ್ದರೆ ಅನ್ನ ಬೇಯುತ್ತದೆ. ಅದೇ ತಗ್ಗು ಮುಚ್ಚಳ ಕೂರುವ ಅಂಚಿನಲ್ಲಿ ಇದ್ದರೆ ಹಬೆ ಸೋರುತ್ತದೆ, ಎಷ್ಟು ಹೊಸ ಗ್ಯಾಸ್ಕೆಟ್ ಹಾಕಿದರೂ ಸೀಟಿ ಬರುವುದಿಲ್ಲ. ಇಂಡಕ್ಷನ್ ಒಲೆಯ ಗಾಜಿನಲ್ಲಿ ಗೆರೆ ಬಂದಿದ್ದರೆ ಹಾಲು ಉಕ್ಕಿದ ದಿನ ಅದು ಒಳಗಿನ ತಂತಿಗೆ ಇಳಿಯುತ್ತದೆ. ಗ್ಯಾಸ್ ಒಲೆಯ ಮೇಲಿನ ಗಟ್ಟಿ ಗಾಜಿನ ಮೂಲೆ ಚೂರು ಹಾರಿದ್ದರೂ ಇಟ್ಟುಕೊಳ್ಳಬೇಡಿ. ಅಂಥ ಗಾಜು ಒಂದು ದಿನ ಕಾದಾಗ ಇಡಿಯಾಗಿ ಪುಡಿಪುಡಿ ಆಗಬಹುದು. ಫ್ರಿಜ್ ವಿಷಯದಲ್ಲಿ ಜನ ಮೋಸ ಹೋಗುವುದು ಜಾಸ್ತಿ. ಪಕ್ಕದ ತಗಡು ಒಳಗೆ ಹೋಗಿದೆ ಅಷ್ಟೇ, ಗೋಡೆ ಕಡೆ ತಿರುಗಿಸಿದರೆ ಕಾಣೋದಿಲ್ಲ ಅಂತಾರೆ. ಈಗಿನ ಎಷ್ಟೋ ಫ್ರಿಜ್‌ಗಳಲ್ಲಿ ಬಿಸಿ ಹೊರಹಾಕುವ ಸಣ್ಣ ಕೊಳವೆಗಳು ಆ ಪಕ್ಕದ ತಗಡಿನ ಹಿಂದೆಯೇ ಹಾದು ಹೋಗಿರುತ್ತವೆ. ತಗ್ಗು ಆಳವಾಗಿದ್ದರೆ ಕೊಳವೆಗೂ ಪೆಟ್ಟು ಬಿದ್ದಿರಬಹುದು. ಪವರ್ ಬ್ಯಾಂಕ್ ಉಬ್ಬಿದ್ದರೆ ಚಾರ್ಜಿಗೆ ಹಾಕಿ ನೋಡುವ ಸಾಹಸವೂ ಬೇಡ.

ಇನ್ನು ಸ್ಟೀಲ್ ಡಬ್ಬಕ್ಕೆ ತಗ್ಗು, ಪುಸ್ತಕದ ಮೂಲೆ ಮಡಚಿದ್ದು, ಶೂ ರ‍್ಯಾಕಿನ ಹಿಂಬದಿ ಗೀರು, ಇವನ್ನೆಲ್ಲ ವಾಪಸ್ ಕಳಿಸಲು ನನಗೆ ಮನಸ್ಸು ಬರುವುದಿಲ್ಲ. ಸ್ವಲ್ಪ ದುಡ್ಡು ವಾಪಸ್ ಕೊಡುತ್ತೇವೆ ಅಂದರೆ ಇಂಥದ್ದಕ್ಕೆ ಸಂತೋಷವಾಗಿ ತಗೊಳ್ಳಿ. ಹೊರಗಿನ ಡಬ್ಬ ಮಾತ್ರ ಜಜ್ಜಿ, ಒಳಗೆ ಎಲ್ಲ ಸರಿಯಿದ್ದರೆ ಸುಮ್ನೆ ಇರಿ. ಹೊರ ಡಬ್ಬ ಇರುವುದೇ ಪೆಟ್ಟು ತಿನ್ನಲು.

ಅಂದ ಹಾಗೆ ಗ್ರೈಂಡರಿಗೇ ಯಾಕೆ ಇಷ್ಟು ಪೆಟ್ಟು? ಗ್ರೈಂಡರ್ ಅಂದರೆ ಕೊಯಮತ್ತೂರು. ಆ ಊರಿನ ಗ್ರೈಂಡರಿಗೆ ಜಿಐ ಟ್ಯಾಗ್, ಅಂದರೆ ಇದು ಆ ಊರಿನದೇ ವಸ್ತು ಅನ್ನುವ ಸರ್ಕಾರಿ ಗುರುತು ಕೂಡ ಇದೆ. ಅಲ್ಲಿಂದ ಲಾರಿ ಹತ್ತಿ, ಭಿವಂಡಿಯಂಥ ಕಡೆಯ ಗೋದಾಮಿಗೆ ಬಂದು, ಮತ್ತೆ ಟೆಂಪೊದಲ್ಲಿ ನಿಮ್ಮ ಗೇಟಿಗೆ ಬರುವಷ್ಟರಲ್ಲಿ ಅದನ್ನು ಎಷ್ಟೋ ಕೈ ಇಳಿಸಿ ಹತ್ತಿಸಿರುತ್ತವೆ. ಕಲ್ಲು ಸೇರಿ ಹತ್ತು ಕಿಲೊಗಿಂತ ಭಾರ. ಕೈ ಜಾರಿದರೆ ಆ ಭಾರವೆಲ್ಲ ಒಂದೇ ಮೂಲೆಯ ಮೇಲೆ. ಕಲ್ಲಿಗೆ ಏನೂ ಆಗುವುದಿಲ್ಲ, ಪ್ಲಾಸ್ಟಿಕ್ ಬಿರಿಯುತ್ತದೆ. ಕೊನೆಗೆ ತಂದು ಕೊಟ್ಟ ಡಿಲಿವರಿ ಹುಡುಗನನ್ನು ಬೈಯಬೇಡಿ. ಅವನ ಕೈಗೆ ಬರುವ ಮೊದಲೇ ಮೂಲೆ ಜಜ್ಜಿರುತ್ತದೆ.

ಈಗ ಆ 400 ರೂಪಾಯಿ. ಅದನ್ನು ತಗೊಂಡಿರಿ ಅಂದರೆ ಬಿರುಕು ನೋಡಿ ಒಪ್ಪಿಕೊಂಡಿರಿ ಅಂತ ಅರ್ಥ. ಸಾಮಾನ್ಯವಾಗಿ ಆ ಆರ್ಡರಿನ ರಿಟರ್ನ್ ಅಲ್ಲಿಗೆ ಮುಗಿಯಿತು. ಮುಂದೆ ಬಿರುಕು ಬೆಳೆದರೆ ಕಂಪನಿಯ ವಾರಂಟಿ ಇದೆಯಲ್ಲ ಅನ್ನುತ್ತೀರಾ? ವಾರಂಟಿ ಕಾರ್ಡಿನ ಸಣ್ಣ ಅಕ್ಷರ ಓದಿ ನೋಡಿ. ಬಿದ್ದು, ತಗುಲಿ ಒಡೆದದ್ದಕ್ಕೆ ವಾರಂಟಿ ಇಲ್ಲ ಅಂತ ಹೆಚ್ಚಿನ ಕಾರ್ಡುಗಳಲ್ಲಿ ಇರುತ್ತದೆ. ಟಿವಿಯ ಪರದೆ ಒಡೆದು ಬಂದವರು ಸರ್ವಿಸ್ ಸೆಂಟರಿಗೆ ಹೋಗಿ ಅಳುವುದು ಇದಕ್ಕೇ. ಸಾಗಣೆಯಲ್ಲಿ ಆದ ಪೆಟ್ಟಿಗೆ ಉತ್ತರ ಕೊಡಬೇಕಾದವರು ಮಾರಿದವರು, ಅದೂ ಬಂದ ಹೊಸತರಲ್ಲೇ. ತಿಂಗಳು ಬಿಟ್ಟು ಹೇಳಿದರೆ ನೀವೇ ಬೀಳಿಸಿದ್ದು ಅನ್ನುತ್ತಾರೆ.

ನಮ್ಮ ಮುಂಬೈ ಸಂಸಾರಕ್ಕೆ ಇಲ್ಲೇ ಕಷ್ಟ. ಬೆಳಿಗ್ಗೆ ಫಾಸ್ಟ್ ಲೋಕಲ್ ಹಿಡಿದು ಹೋದವರು ಮನೆ ಸೇರುವುದು ರಾತ್ರಿ ಎಂಟೂವರೆಗೆ. ಪಾರ್ಸೆಲ್ ವಾಚ್‌ಮನ್ ಹತ್ತಿರ, ಇಲ್ಲವೇ ಎದುರು ಮನೆಯ ಕಾಕುವಿನ ಹತ್ತಿರ. ಮಳೆಗಾಲದಲ್ಲಿ ಗೇಟಿನ ಕ್ಯಾಬಿನ್ ಪಕ್ಕ ಒದ್ದೆ ನೆಲದಲ್ಲಿ. ಭಾನುವಾರ ನೋಡೋಣ ಅಂತ ಬಿಡುತ್ತೇವೆ. ಆದರೆ ರಿಟರ್ನಿನ ದಿನ ಎಣಿಸುವುದು ನೀವು ಬಿಚ್ಚಿದ ದಿನದಿಂದ ಅಲ್ಲ, ಗೇಟಿಗೆ ಬಂದ ದಿನದಿಂದ. ಕೆಲವಕ್ಕೆ 7 ದಿನ, ಕೆಲವಕ್ಕೆ 10. ನಿಮ್ಮದರಲ್ಲಿ ಮಂಗಳವಾರದಿಂದ ಶುಕ್ರವಾರದವರೆಗೆ ಆಗಲೇ ಮೂರು ದಿನ ಹೋಗಿದೆ. ಇನ್ನು ಮುಂದೆ ಎಷ್ಟೇ ಸುಸ್ತಾಗಿದ್ದರೂ ಬಂದ ರಾತ್ರಿಯೇ ಬಿಚ್ಚಿ. ಬಾಗಿಲಲ್ಲೇ ಬಿಚ್ಚಿ ತೋರಿಸಿ ಆಮೇಲೆ ಒಟಿಪಿ ಕೇಳುವ ಓಪನ್ ಬಾಕ್ಸ್ ಡಿಲಿವರಿ ಸಿಗುವುದಾದರೆ, ಗಾಜು ಮತ್ತು ಕರೆಂಟಿನ ಸಾಮಾನಿಗೆ ಅದನ್ನೇ ಆರಿಸಿ. ಮನೆಯಲ್ಲಿ ಯಾರಾದರೂ ಇರುವ ದಿನಕ್ಕೆ ತರಿಸಿಕೊಳ್ಳಿ. ಒಟಿಪಿಯನ್ನು ಆಫೀಸಿನಿಂದ ಫೋನಿನಲ್ಲಿ ಹೇಳಿಬಿಡುವ ಅಭ್ಯಾಸ ನಮಗೆಲ್ಲ ಇದೆ, ನನಗೂ ಇದೆ. ಓಪನ್ ಬಾಕ್ಸ್ ಡಿಲಿವರಿಯಲ್ಲಿ ಒಟಿಪಿ ಕೊಟ್ಟರೆ ನೋಡಿ ಒಪ್ಪಿಕೊಂಡ ಹಾಗೆ.

ಬಿಚ್ಚುವಾಗ ಫೋನಿನಲ್ಲಿ ವಿಡಿಯೊ ಮಾಡಿಕೊಳ್ಳಿ. ವಿಡಿಯೊ ಇಲ್ಲದಿದ್ದರೆ ದೂರು ನಡೆಯುವುದಿಲ್ಲ ಅನ್ನುವವರ ಮಾತಿಗೆ ಹೆದರಬೇಕಿಲ್ಲ, ಕಾನೂನಿನಲ್ಲಿ ಅಂಥ ಷರತ್ತಿಲ್ಲ. ಆದರೂ ಇದ್ದರೆ ವಾದ ಬೇಗ ಮುಗಿಯುತ್ತದೆ. ನಿಮ್ಮ ಹತ್ತಿರ ವಿಡಿಯೊ ಇಲ್ಲ, ಪರವಾಗಿಲ್ಲ. ಜಜ್ಜಿದ ಮೂಲೆ, ಅದರ ಮೇಲಿನ ಅಡ್ರೆಸ್ ಚೀಟಿ, ಬಿರುಕು, ಮೂರೂ ಕಾಣುವ ಹಾಗೆ ಫೋಟೊ ತೆಗೆಯಿರಿ. ಡಬ್ಬದ ಜಜ್ಜಿದ ಮೂಲೆಗೂ ಬಾಡಿಯ ಬಿರುಕಿಗೂ ಜಾಗ ತಾಳೆಯಾದರೆ ಅದಕ್ಕಿಂತ ಸಾಕ್ಷಿ ಬೇಕಿಲ್ಲ. ಡಬ್ಬ, ಥರ್ಮೊಕೋಲ್ ಯಾವುದನ್ನೂ ರದ್ದಿಯವನಿಗೆ ಕೊಡಬೇಡಿ. ಮನೆ ಸಣ್ಣದು, ಜಾಗ ಇಲ್ಲ, ಗೊತ್ತು. ವಾರ ಮಂಚದ ಕೆಳಗೆ ತಳ್ಳಿ.

ಅವರು ಒಪ್ಪದಿದ್ದರೆ? 2020ರ ಜುಲೈನಲ್ಲಿ ಬಂದ ಇ-ಕಾಮರ್ಸ್ ಗ್ರಾಹಕ ರಕ್ಷಣೆ ನಿಯಮಗಳು ನಿಮ್ಮ ಕಡೆಗಿವೆ. ದೋಷ ಇರುವ ವಸ್ತುವನ್ನು ಮಾರಿದವರು ವಾಪಸ್ ತಗೊಳ್ಳುವುದಿಲ್ಲ, ದುಡ್ಡು ಕೊಡುವುದಿಲ್ಲ ಅನ್ನುವ ಹಾಗಿಲ್ಲ. ವಸ್ತುವಿನ ಪುಟದಲ್ಲಿ ‘ರಿಟರ್ನ್ ಇಲ್ಲ’ ಅಂತ ಬರೆದಿದ್ದರೂ ಅಷ್ಟೇ. ಆ ಮಾತು ಬಣ್ಣ ಇಷ್ಟವಾಗಲಿಲ್ಲ ಅನ್ನುವವರಿಗೆ, ಒಡೆದು ಬಂದವರಿಗೆ ಅಲ್ಲ. ನಾವು ಬರೀ ಮಧ್ಯದವರು ಅಂತ ಆ್ಯಪ್‌ನವರು ಹೇಳಿದರೆ ಅವರ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. ಹೆಸರು, ಸಂಪರ್ಕ ಆ್ಯಪಿನಲ್ಲೇ ಇರಬೇಕು. ದೂರು ಬಂದಿದೆ ಅಂತ ಅವರು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಮಾತು ಫೋನಿನಲ್ಲಿ ಬೇಡ, ಚಾಟ್ ಅಥವಾ ಇಮೇಲಿನಲ್ಲಿ ಇರಲಿ. ಅದಕ್ಕೂ ಬಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ನನ್ನ ಅನುಭವದಲ್ಲಿ ಆ ಹಂತ ದಾಟುವುದು ಅಪರೂಪ. ದಾಟಿದರೂ, 2019ರ ಗ್ರಾಹಕ ರಕ್ಷಣಾ ಕಾಯ್ದೆ ಬಂದ ಮೇಲೆ ನೀವು ವಾಸ ಇರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಡೊಂಬಿವಲಿಯವರಿಗೆ ಠಾಣೆ ಜಿಲ್ಲೆ. ಮಾರಿದವರು ಕೊಯಮತ್ತೂರಿನಲ್ಲಿ ಇದ್ದರೆ ಅಲ್ಲಿಗೆ ಓಡಬೇಕಿಲ್ಲ. 5 ಲಕ್ಷದವರೆಗಿನ ವಸ್ತುವಿಗೆ ಶುಲ್ಕವೂ ಇಲ್ಲ.

ಇನ್‌ಸ್ಟಾಗ್ರಾಮಿನಲ್ಲಿ, ವಾಟ್ಸ್ಆ್ಯಪ್ ಗುಂಪಿನಲ್ಲಿ ಮಾರುವವರದ್ದು ಬೇರೆ ಕಥೆ. ನಮ್ಮ ಪುಣೆಯ ಚಿಕ್ಕಮ್ಮ ಹೀಗೆ ತರಿಸಿದ ಆರು ಪಿಂಗಾಣಿ ಬಟ್ಟಲಲ್ಲಿ ಎರಡು ಒಡೆದು ಬಂದವು. ಬಿಲ್ ಇಲ್ಲ, ವಿಳಾಸ ಇಲ್ಲ, ಯುಪಿಐನಲ್ಲಿ ಕೊಟ್ಟ ದುಡ್ಡು. ಮೆಸೇಜಿಗೆ ಎರಡು ನೀಲಿ ಟಿಕ್ ಬಂದವು, ಉತ್ತರ ಬರಲಿಲ್ಲ. ಅಂಥವರ ಹತ್ತಿರ ತರಿಸುವ ಮೊದಲೇ, ಒಡೆದು ಬಂದರೆ ಏನು ಮಾಡುತ್ತೀರಿ ಅಂತ ಕೇಳಿ, ಉತ್ತರದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಮತ್ತೊಂದು ಎಚ್ಚರಿಕೆ. ಕಸ್ಟಮರ್ ಕೇರ್ ನಂಬರನ್ನು ಗೂಗಲ್‌ನಲ್ಲಿ ಹುಡುಕಬೇಡಿ, ಆ್ಯಪಿನ ಒಳಗಿಂದಲೇ ತಗೊಳ್ಳಿ. ಹುಡುಕಿದಾಗ ಮೇಲೆ ಬರುವ ನಂಬರ್ ಕಳ್ಳರದ್ದೂ ಆಗಿರಬಹುದು. ರೀಫಂಡ್ ಕೊಡುತ್ತೇವೆ, ಈ ಕ್ಯುಆರ್ ಸ್ಕ್ಯಾನ್ ಮಾಡಿ, ಯುಪಿಐ ಪಿನ್ ಹಾಕಿ ಅಂದರೆ ಅಲ್ಲೇ ಫೋನ್ ಇಡಿ. ದುಡ್ಡು ಬರುವುದಕ್ಕೆ ಪಿನ್ ಬೇಡ, ಹೋಗುವುದಕ್ಕೆ ಮಾತ್ರ ಬೇಕು. ಕೈ ತಪ್ಪಿ ಹೋಗಿಯೇ ಬಿಟ್ಟರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಪಿಕಪ್‌ಗೆ ಹುಡುಗ ಬರುವ ದಿನ ಅತ್ತೆ ಮನೆಯಲ್ಲಿ ಇರಲಿ. ರುಬ್ಬುವ ಕಲ್ಲುಗಳು, ಮುಚ್ಚಳ, ಜೊತೆಗೆ ಬಂದಿರುವ ಅಳತೆ ಲೋಟ, ಕೈಪಿಡಿ ಎಲ್ಲ ಡಬ್ಬದಲ್ಲಿ ಇದೆಯಾ ನೋಡಿ, ಮುಚ್ಚುವ ಮೊದಲು ಒಂದು ಫೋಟೊ ತೆಗೆಯಿರಿ. ಲೋಟ ಆಗಲೇ ಅಕ್ಕಿ ಡಬ್ಬ ಸೇರಿರುತ್ತದೆ, ಅದನ್ನು ಹುಡುಕಿ. ಕೊಂಡುಹೋದ ಮೆಸೇಜ್ ಬರುವವರೆಗೆ ಅವನನ್ನು ಬಾಗಿಲಲ್ಲೇ ನಿಲ್ಲಿಸಿಕೊಳ್ಳಿ, ಒಂದು ಲೋಟ ನೀರು ಕೊಡಿ.

ಹೊಸದು ಬರುವವರೆಗೆ ದೋಸೆಗೆ ಮಿಕ್ಸಿಯೇ ಗತಿ. ಉದ್ದು ರುಬ್ಬುವಾಗ ನೀರಿನ ಬದಲು ಮೂರು ನಾಲ್ಕು ಐಸ್ ತುಂಡು ಹಾಕಿ. ಹಿಟ್ಟು ಬಿಸಿಯಾಗುವುದಿಲ್ಲ, ಅತ್ತೆಯ ಗೊಣಗಾಟವೂ ಸ್ವಲ್ಪ ಕಡಿಮೆ ಆದೀತು.